ಫಿನೈಲಿನ ಗೆರೆ

ನಿದ್ದೆ ಬರುವುದಿಲ್ಲ ಎಂದು ರಾಯಚೂರಿನ ಡಾಕ್ಟರ ಹತ್ತಿರ ಹೋದರೆ ಅವರು ಮಾತ್ರೆ ಕೊಡಲಿಲ್ಲ. "ನಾಕು ದಿನ ಬಯಲ ಗಾಳಿಗೆ ಮಲಗ್ರಿ, ಆರಾಮ ಆಗ್ತೀರಿ" ಎಂದರು. ತುರ್ತು ಪರಿಸ್ಥಿತಿ ಮುಗಿದ ಮರುವರ್ಷದ ಮಾತಿದು. ಕಲ್ಲೂರಿನ ಹೊಲದಲ್ಲಿ ಡೇರೆ ಹಾಕಿ ಕಾಲುವೆಯ ಸರ್ವೆ ಮಾಡುವ ಕೆಲಸ ಬಂತು. ಕೇಳಿಕೊಂಡು ಹೋದೆ.

ಹಾವು ಬರಬಾರದೆಂದು ಡೇರೆಯ ಸುತ್ತ ಫಿನೈಲ್ ಹಾಕುವುದು ನಮ್ಮ ಆಫೀಸಿನ ನಿಯಮ. ಸಂಜೆ ಹಾಕುತ್ತಿದ್ದೆ. ಪಕ್ಕದ ಹೊಲದಲ್ಲಿ ಗೊಬ್ಬರಕ್ಕೆಂದು ಕುರಿ ತರುಬಿ ಬೀಡುಬಿಟ್ಟಿದ್ದ ಹೆಣ್ಣುಮಗಳು ಕೂಸನ್ನೆತ್ತಿಕೊಂಡು ಬಂದಳು.

"ಅದೇನ್ರಿ ಯಪ್ಪಾ?"

"ಹಾವು ಬರಬಾರದಂತ ಹಾಕಾಕತ್ತೀನಿ ಯವ್ವಾ."

"ಹೋದ ವರ್ಷ ನನ್ನ ಹಿರೇ ಮಗನ್ನ ಹಿಂಗಾ ಹೊಲದಾಗ ಮಲಗಿದ್ದಾಗ ಹಾವು ಕಡೀತ್ರಿ. ಉಳೀಲಿಲ್ಲ."

ಇದ್ದೊಂದು ಬಾಟಲಿಯನ್ನೇ ಕೊಟ್ಟುಬಿಟ್ಟೆ. ಅವಳು ಕೂಸನ್ನು ಕಂಬಳಿಯ ಮೇಲೆ ಕೂರಿಸಿ, ಬಲೆಯೊಳಗೆ ಕೂಡಿಹಾಕಿದ್ದ ಕುರಿಮರಿಗಳ ಸುತ್ತ ಸುರಿದಳು. ಕಂಬಳಿಯ ಹತ್ತಿರ ಬರುವಷ್ಟರಲ್ಲಿ ಬಾಟಲಿ ಖಾಲಿ.

"ಮೊದಲು ಕೂಸಿನ ಸುತ್ತ ಹಾಕಬಾರದೇನವ್ವಾ?" ಎಂದು ರೇಗಿದೆ.

"ಮರಿ ಧಣ್ಯಾರವು ಅದಾವ್ರಿ. ಒಂದು ಸತ್ರೂ ಜವಾಬು ಕೊಡಬೇಕು. ಈಕಿ ನನ್ನ ಮಗಳು. ಈಕಿ ಹೋದ್ರ ನನ್ನ ಯಾರು ಜವಾಬು ಕೇಳ್ತಾರ್ರಿ?"

ಕೂಸಿನ ಜೊತೆ ಡೇರೆಯಲ್ಲಿ ಮಲಗು, ನಾನು ಹೊರಗಿರುತ್ತೇನೆ ಎಂದೆ. ಮರಿ ಬಿಟ್ಟು ಬರಲು ಅವಳು ಒಲ್ಲೆ ಎಂದಳು. ಅಲ್ಲಿದ್ದಷ್ಟು ದಿನವೂ ರಾತ್ರಿಯಿಡೀ ನಾನು ಆ ಕಂಬಳಿಯ ಕಡೆಗೇ ಕಿವಿಗೊಟ್ಟು ಬಿದ್ದುಕೊಂಡಿದ್ದೆ. ಹಾವೂ ಬರಲಿಲ್ಲ, ನಿದ್ದೆಯೂ ಬರಲಿಲ್ಲ. ಹಾವು ಫಿನೈಲಿಗೆ ಹೆದರುವುದಿಲ್ಲವಂತೆ. ಅದು ಆಮೇಲೆ ತಿಳಿಯಿತು.

"ಬಯಲ ಗಾಳಿ ಹೆಂಗಿತ್ರಿ?" ಎಂದು ರಾಯಚೂರಿಗೆ ವಾಪಸು ಹೋದಾಗ ಡಾಕ್ಟರು ಕೇಳಿದರು.

"ಫಿನೈಲ್ ನಾತ ಹೊಡೀತಿತ್ರಿ" ಎಂದೆ.

ನನ್ನ ಮುಖ ನೋಡಿ, ಈ ಸಲ ಮಾತ್ರೆ ಬರೆದುಕೊಟ್ಟರು.