ಬಾಕಿನ ಹಿಡಿ, ಕೊಂಡಮ್ಮನ ಕೈ

ಮುಳಬಾಗಿಲಿನ ಅಂಚಿನ ಈ ಕುಲುಮೆಯ ಮುಂದೆ ಇನ್ನೂ ಬೆಳಕು ಹರಿದಿಲ್ಲ. ಕೊಂಡಮ್ಮ ತಿದಿ ಒತ್ತುತ್ತಿದ್ದಾರೆ. ಯುರೋಪಿನಲ್ಲಿ ಯುದ್ಧ ಶುರುವಾದ ಮೇಲೆ ಒಳ್ಳೆಯ ಉಕ್ಕು ಸಿಗುತ್ತಿಲ್ಲ. ನಂಗಲಿ ದಾರಿಯಲ್ಲಿ ಕೆಟ್ಟು ನಿಂತ ಲಾರಿಗಳ ಕಮಾನುಪಟ್ಟಿಯೇ ಗತಿ. ಅದನ್ನು ಕಾಯಿಸಿ, ಬಡಿದು ಬಾಕು ಮಾಡುತ್ತಾರೆ.

ಗಂಡ ಮುನಿಶಾಮಿ ತೀರಿಕೊಂಡು ಎರಡು ವರ್ಷ. ಅವರಿದ್ದಾಗಲೂ ಹಿಡಿ ಕೂರಿಸುತ್ತಿದ್ದವರು ಈಕೆಯೇ. ಹೆಸರು ಮಾತ್ರ ಗಂಡನದು. ಬಾಕು ಬೇಕೆಂದು ಬಂದವರಿಗೆ ಮೊದಲು ಹಸಿ ಜೇಡಿಮಣ್ಣಿನ ಉಂಡೆ ಕೊಡುತ್ತಾರೆ. ಅವರು ಅದನ್ನು ಬಿಗಿಯಾಗಿ ಹಿಡಿದು ಬಿಡಬೇಕು. ಬೆರಳು ಮೂಡಿದ ಆ ಮಣ್ಣನ್ನು ಒಣಗಿಸಿ, ಎದುರಿಗಿಟ್ಟುಕೊಂಡು, ಹುಣಸೆಮರದ ಗಟ್ಟಿ ತಿರುಳಾದ ಚೇಗಿನಲ್ಲಿ ಹಿಡಿ ಕೆತ್ತುತ್ತಾರೆ.

ಗಡಿಯ ಕುಲುಮೆಗೆ ಎಲ್ಲ ಭಾಷೆಯವರೂ ಬರುತ್ತಾರೆ. ಕನ್ನಡದವರಿಗೂ ತೆಲುಗಿನವರಿಗೂ ಅದು ಬಾಕು. ಜಟಕಾ ಸಾಹೇಬರಿಗೆ ಖಂಜರ್, ಚಿನ್ನದ ಗಣಿಯ ತಮಿಳರಿಗೆ ಪಿಚ್ಚುವಾ, ದೊರೆಗಳಿಗೆ ಡ್ಯಾಗರ್. ಹಳೆಯ ಗ್ರೀಕರು ‘ಎಂಖೈರಿಡಿಯನ್’ ಎನ್ನುತ್ತಿದ್ದರಂತೆ, ಅಂದರೆ ಕೈಯೊಳಗಿನದು; ಕೋಲಾರದ ಪಾದ್ರಿಯೊಬ್ಬರು ನನಗೆ ಹೇಳಿದ್ದು. ಕೆಲವು ದಿನಗಳಿಂದ ಇಲ್ಲಿ ಕೂತು ಈ ಕೆಲಸವನ್ನು ಬರೆದುಕೊಳ್ಳುತ್ತಿರುವ ನಾನು ಅದನ್ನು ಕೊಂಡಮ್ಮನ ಕಿವಿಗೂ ಹಾಕಿದೆ.

“ಅವ್ರೂ ಮಣ್ಣು ಹಿಡಿಸ್ತಿದ್ರಾ ಸಾಮಿ?” ಎಂದು ಕೇಳಿದರು.

ಊರ ಕರಗ ಹೊರುವವರು ಬಲಗೈಯಲ್ಲಿ ಬಾಕು ಹಿಡಿದೇ ಕುಣಿಯಬೇಕು. ಅದು ಜಾರಿದರೆ ಊರಿಗೆ ಕೇಡೆಂಬ ನಂಬಿಕೆ. ಈ ಸಲ ಹೊರುವವರು ಹೊಸಬರು, ಇನ್ನೂ ಎಳೆ ವಯಸ್ಸಿನ ನರಸಿಂಹಪ್ಪ. ವಿಧವೆ ಮಾಡಿದ ಬಾಕು ದೇವರ ಕೆಲಸಕ್ಕೆ ಬೇಡವೆಂದು ಊರಿನ ಹಿರಿಯ ಅಪ್ಪಾಜಪ್ಪ ಶ್ರೀನಿವಾಸಪುರದ ಕಡೆ ಮಾಡಿಸಿ ತಂದರು. ಅಲ್ಲಿ ನರಸಿಂಹಪ್ಪನ ಕೈಯ ಅಳತೆಯನ್ನು ಯಾರೂ ನೋಡಲಿಲ್ಲ. ಅಂಗೈಗೆ ಅರಿಸಿನ ಹಚ್ಚಿಕೊಂಡು ಅಭ್ಯಾಸಕ್ಕೆ ನಿಂತರೆ ಬಾಕು ಮತ್ತೆ ಮತ್ತೆ ಜಾರಿತು.

ಮೊನ್ನೆ ಇಬ್ಬರೂ ಇಲ್ಲಿಗೇ ಬಂದು, ಹಿಡಿ ಮಾತ್ರ ಬದಲಿಸಿಕೊಡು ಎಂದರು. ಕೊಂಡಮ್ಮ ಮಣ್ಣಿನ ಉಂಡೆಯನ್ನು ಜಗಲಿಯ ಮೇಲಿಟ್ಟರು. ನರಸಿಂಹಪ್ಪ ಅಲ್ಲಿಂದ ಎತ್ತಿಕೊಂಡರು. ಶುಭಕಾರ್ಯಕ್ಕೆ ಹೊರಟವರು ವಿಧವೆಯ ಕೈಯಿಂದ ಏನನ್ನೂ ಇಸಕೊಳ್ಳುವುದಿಲ್ಲ. ನೋಡುತ್ತಿದ್ದ ನನಗೆ ಸಿಟ್ಟು ಬಂತು. ಆಕೆಗೆ ಬಂದಂತೆ ಕಾಣಲಿಲ್ಲ.

ಇಂದೇ ಕರಗ. ಬಾಕಿಗೆ ಹೊಸ ಹಿಡಿ ಕೂರಿಸಿ ಆಗಿದೆ, ಇಬ್ಬರೂ ಬಾಗಿಲಲ್ಲಿದ್ದಾರೆ.

“ಅಲ್ಲಿ ಜಗಲಿ ಮೇಲಿಡಮ್ಮ, ತಗೋತೀವಿ,” ಎನ್ನುತ್ತಾರೆ ಅಪ್ಪಾಜಪ್ಪ.

ಕೊಂಡಮ್ಮ ಇಡುವುದಿಲ್ಲ. ಅಲಗನ್ನು ತಮ್ಮ ಕಡೆಗೆ ಮಾಡಿಕೊಂಡು, ಹಿಡಿಯನ್ನು ನರಸಿಂಹಪ್ಪನತ್ತ ಚಾಚುತ್ತಾರೆ.

“ನನ್ ಕೈಯಿಂದ ತಗೊಳಪ್ಪ. ನಂಗೆ ಬೇರೇನೂ ಬೇಡ.”

“ಅದೆಲ್ಲ ಆಗಲ್ಲಮ್ಮ,” ಎಂದು ಅಪ್ಪಾಜಪ್ಪ ಅಡ್ಡ ಬರುತ್ತಾರೆ.

ನರಸಿಂಹಪ್ಪ ಹಿರಿಯರ ಮುಖ ನೋಡುತ್ತಾರೆ. ಆಮೇಲೆ ಅರಿಸಿನ ಮೆತ್ತಿದ ತಮ್ಮ ಅಂಗೈಯನ್ನು ನೋಡಿಕೊಳ್ಳುತ್ತಾರೆ. ಒಂದು ಹೆಜ್ಜೆ ಮುಂದೆ ಬಂದು, ಕೊಂಡಮ್ಮನ ಕೈಯಿಂದಲೇ ತೆಗೆದುಕೊಂಡು, ಮಣಿಕಟ್ಟು ತಿರುಗಿಸಿ ಜೋರಾಗಿ ಬೀಸುತ್ತಾರೆ. ಬಾಕು ಅಂಗೈಯಲ್ಲಿ ಒಂದಿಷ್ಟೂ ಜಾರುವುದಿಲ್ಲ.

“ಇನ್ನು ಕುಣಿಯಪ್ಪ,” ಎನ್ನುತ್ತಾರೆ ಕೊಂಡಮ್ಮ. “ಅದು ನಿನ್ ಕೈ ಬಿಡಲ್ಲ.”