ಪಲ್ಲವಿ ದಾಟದ ಡ್ರೈವರ್

ಹೊಸಪೇಟೆಯಲ್ಲಿ ನಾನು ಸೀಡಿಗೆ ಹಾಡು ತುಂಬಿಸಿಕೊಡುವ ಅಂಗಡಿ ಇಟ್ಟಿದ್ದಾಗ, ಅದಿರು ಲಾರಿಯ ಡ್ರೈವರೊಬ್ಬರು ವಾರಕ್ಕೊಮ್ಮೆ ಬರುತ್ತಿದ್ದರು. ಹುಬ್ಬಿನವರೆಗೂ ಕೆಂಪು ಧೂಳು. ಹಳೆಯ ಸೀಡಿಯನ್ನು ಬನಿಯನ್ನಿನ ಅಂಚಿನಿಂದ ಒರೆಸಿ ಮುಂದಿಡುತ್ತಿದ್ದರು. ಆಮೇಲೆ ಅದೇ ಮಾತು: "ಛಲೋ ಅದಾವ್ರಿ, ಆದ್ರ ಮನಸಿಗೆ ಹತ್ತವಲ್ವು."

ತತ್ವಪದ ಕೊಟ್ಟೆ. ಗಜಲ್, ಕವ್ವಾಲಿ, ತೆಲುಗು ಸಿನಿಮಾ ಹಾಡು ಕೊಟ್ಟೆ. ಹಂಪಿಗೆ ಬಂದ ವಿದೇಶಿಯೊಬ್ಬ ಬಿಟ್ಟುಹೋಗಿದ್ದ ಗಿಟಾರ್ ಸಂಗೀತವನ್ನೂ ಕೊಟ್ಟೆ. ಯಾವುದೂ ಹತ್ತಲಿಲ್ಲ. "ಸಣ್ಣಾಂವ ಇದ್ದಾಗ ಎಲ್ಲಾ ಹಾಡೂ ಹತ್ತತಿದ್ವು, ಈಗೇನಾತೋ" ಎಂದು ಡಾಕ್ಟರಿಗೆ ಕಾಯಿಲೆ ಹೇಳುವಂತೆ ಹೇಳುತ್ತಿದ್ದರು. ನನಗೆ ರೇಗುತ್ತಿತ್ತು; ಆದರೂ ಅವರು ಬರುವ ದಿನ ದಾರಿ ನೋಡುತ್ತಿದ್ದೆ.

ಒಮ್ಮೆ ಸಂಡೂರಿಗೆ ಅವರ ಲಾರಿಯಲ್ಲೇ ಹೋದೆ. ಆಗ ರೋಗ ತಿಳಿಯಿತು. ಪಲ್ಲವಿ ಮುಗಿಯುವುದರೊಳಗೆ ಅವರ ಹೆಬ್ಬೆರಳು ಪ್ಲೇಯರಿನ ಗುಂಡಿ ಒತ್ತಿ ಮುಂದಿನ ಹಾಡಿಗೆ ಹಾರುತ್ತಿತ್ತು.

ಘಾಟಿಯಲ್ಲಿ ಲಾರಿಗಳ ಸಾಲು ನಿಂತುಬಿಟ್ಟಿತು. ಇಂಜಿನ್ ಆರಿಸಿದರು. ಒಂದು ತತ್ವಪದ ಶುರುವಾಯಿತು. ಗುಂಡಿ ಒತ್ತಿದರೆ, ಧೂಳು ತುಂಬಿ ಅದು ಕಚ್ಚಿಕೊಂಡಿತ್ತು. ಎರಡು ಸಲ ಬಡಿದು, ಬೈದು, ಕೈಬಿಟ್ಟರು. ಹಾಡು ತನ್ನ ಪಾಡಿಗೆ ನಡೆಯಿತು. ಮೂರನೇ ನುಡಿಯ ಹೊತ್ತಿಗೆ ಅವರ ಬೆರಳು ಸ್ಟೇರಿಂಗ್ ಮೇಲೆ ತಾಳ ಹಾಕುತ್ತಿತ್ತು. ಮುಂದಿನ ಲಾರಿ ಕದಲಿದರೂ ಅವರು ಕದಲಲಿಲ್ಲ. ಹಿಂದಿನವರು ಹಾರ್ನ್ ಹೊಡೆದೇ ಹೊಡೆದರು.

ಹಾಡು ಮುಗಿದ ಮೇಲೆ ನನ್ನತ್ತ ತಿರುಗಿದರು. "ಇಂಥಾದ್ದು ಇಟ್ಕೊಂಡು ಇಷ್ಟು ದಿನ ಯಾಕ್ರಿ ಮುಚ್ಚಿಟ್ಟಿದ್ರಿ?"

ಅದು ಮೊದಲ ವಾರವೇ ನಾನು ಕೊಟ್ಟು, ಅವರು ಒರೆಸಿ ವಾಪಸ್ ತಂದಿದ್ದ ಸೀಡಿಯ ಹಾಡು. ಕೊಡಲು ಬೇರೇನೂ ಉಳಿಯದೆ ಮತ್ತೆ ತುಂಬಿಸಿದ್ದೆ.

"ಹೊಸಾದ್ರಿ, ನಿನ್ನೇನ ಬಂದೈತಿ" ಎಂದೆ.