ಎಲ್ಲ ಆಫ್ ಮಾಡಿದೆಯಾ?

ಒಮಾನಿನ ವಾದಿ ಕಬೀರಿನ ಗ್ಯಾರೇಜೊಂದರಲ್ಲಿ ಸ್ಟೋರ್ ಕೀಪರ್ ಆಗಿದ್ದ ಲ್ಯಾನ್ಸಿಗೆ ಬದುಕಿನಲ್ಲಿ ಇದ್ದದ್ದು ಒಂದೇ ಶಾಸ್ತ್ರ. ಮನೆಯಿಂದ ಹೊರಡುವಾಗ ಏಸಿ, ಗೀಸರ್ ಆರಿಸದವನು ಅವನ ಲೆಕ್ಕದಲ್ಲಿ ಮನುಷ್ಯನೇ ಅಲ್ಲ.

ಹೆಂಡತಿ ಹಿಲ್ಡಾ ಉತ್ತರ ಸ್ಕಾಟ್ಲೆಂಡಿನ ಹಳ್ಳಿಯೊಂದಕ್ಕೆ ಮುದುಕರನ್ನು ನೋಡಿಕೊಳ್ಳುವ ಕೆಲಸಕ್ಕೆ ಹೋದ ಮೇಲೂ ಅವನು ಬಿಡಲಿಲ್ಲ. ಅವಳು ಡ್ಯೂಟಿಗೆ ಹೊರಡುವ ಹೊತ್ತಿಗೆ ದಿನಾ ಫೋನ್: "ಎಲ್ಲ ಆಫ್ ಮಾಡಿದೆಯಾ ಮಾರಾಯ್ತಿ?"

ಅಲ್ಲಿನ ಚಳಿಗೆ ಒಮಾನಿನ ಶಾಸ್ತ್ರ ಗೊತ್ತೇ? ಜನವರಿಯಲ್ಲಿ ಹಿಮ ಮೊಣಕಾಲು ಮುಟ್ಟಿತು. ಮನೆ ಬೆಚ್ಚಗಿಡುವ ಹೀಟರನ್ನೂ ಹಿಲ್ಡಾ ಗಂಡನ ಮಾತಿನಂತೆ ಆರಿಸಿ ಹೋದಳು. ಪೈಪಿನೊಳಗೆ ನೀರು ಹೆಪ್ಪುಗಟ್ಟಿ ಪೈಪು ಒಡೆಯಿತು. ಕೆಲಸ ಕೊಟ್ಟವರು ಇರಲು ಕೊಟ್ಟಿದ್ದ ಮನೆ ಕೆರೆಯಾಯಿತು, ಕೆಲಸವೂ ಹೋಯಿತು.

ಲ್ಯಾನ್ಸಿಯಾದರೋ ಅವಳನ್ನು ಸೇರಲೆಂದು ಆಗಲೇ ರಾಜೀನಾಮೆ ಕೊಟ್ಟಾಗಿತ್ತು. ಸುದ್ದಿ ತಿಳಿದೊಡನೆ ಓಡಿಹೋಗಿ, ವೀಸಾ ಕೊಟ್ಟು ಕೆಲಸಕ್ಕಿಟ್ಟುಕೊಂಡಿದ್ದ ಅರಬಿ ಧಣಿ ಕಫೀಲನ ಮುಂದೆ ಗೋಗರೆದ. ಕಫೀಲ್ ಎರಡೂ ಕೈ ಕೊಡವಿದ. "ಖಲಾಸ್. ನಿನ್ನ ಜಾಗಕ್ಕೆ ಬೇರೆಯವನು ಬಂದಾಯಿತು."

ಫೋನಿನಲ್ಲಿ ಹಿಲ್ಡಾಳ ಹಲ್ಲು ಕಟಕಟ ಎನ್ನುತ್ತಿತ್ತು. ಅವಳು ಬೈದಿದ್ದರೆ ಲ್ಯಾನ್ಸಿ ಬದುಕಿಕೊಳ್ಳುತ್ತಿದ್ದ. ಅವಳು ಬೈಯಲಿಲ್ಲ.

"ನೀವು ಹೇಳಿದ ಹಾಗೇ ಎಲ್ಲ ಆಫ್ ಮಾಡಿದ್ದೆ ಮಾರಾಯ್ರೆ," ಅಂದಳು. "ಒಂದನ್ನೂ ಬಿಟ್ಟಿರಲಿಲ್ಲ."